ಪ್ರೀತಿ ಲೆಕ್ಕವಿಡುವುದಿಲ್ಲ



ನಮ್ಮ ದೇವಾಲಯಗಳಲ್ಲಿ ವಿವಾಹದ ಬಲಿಪೂಜೆ ನಡೆಯುವಾಗ ಹೆಚ್ಚಾಗಿ ಆರಿಸಿಕೊಳ್ಳುವ ವಾಚನವೊಂದಿದೆ: ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 13ನೇ ಅಧ್ಯಾಯ. ಪ್ರೀತಿಯ ಗುಣಗಾನವೆಂದೇ ಅದು ಹೆಸರಾಗಿದೆ. ಕೇಳಲು ಇಂಪಾಗಿದೆ. ಆದರೆ ಪೌಲರು ಇದನ್ನು ಬರೆದು ಕಳುಹಿಸಿದ್ದು ಮದುವೆಯ ಮನೆಗಲ್ಲ, ಜಗಳದ ಮನೆಗೆ. ಇದನ್ನು ಮರೆತರೆ ಆ ಅಧ್ಯಾಯದ ಅರ್ಧ ಅರ್ಥ ನಮ್ಮ ಕೈತಪ್ಪುತ್ತದೆ.

ಜಗಳದ ಮನೆ

ಗ್ರೀಸಿನ ಕೊರಿಂಥ ಎರಡು ಬಂದರುಗಳಿದ್ದ ವ್ಯಾಪಾರದ ನಗರ. ಕ್ರಿ.ಶ. 50ರ ಸುಮಾರಿಗೆ ಪೌಲರು ಅಲ್ಲಿಗೆ ಬಂದರು. ಅಕ್ವಿಲ ಮತ್ತು ಪ್ರಿಸಿಲ್ಲ ದಂಪತಿಗಳ ಜೊತೆ ಗುಡಾರ ಮಾಡುವ ಕಸುಬು ಮಾಡುತ್ತಾ, ಒಂದೂವರೆ ವರ್ಷ ಅಲ್ಲಿದ್ದು ಶುಭಸಂದೇಶ ಸಾರಿದರು. ಮುಂದೆ ಎಫೆಸದಲ್ಲಿದ್ದಾಗ ಕೊರಿಂಥದಿಂದ ಬಂದ ಸುದ್ದಿ ಅವರ ಮನಸ್ಸನ್ನು ನೋಯಿಸಿತು. ನಾನು ಪೌಲನ ಕಡೆ, ನಾನು ಅಪೊಲ್ಲೋಸನ ಕಡೆ, ನಾನು ಕೇಫನ ಕಡೆ ಎಂದು ಸಭೆ ಒಡೆದಿತ್ತು. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ನ್ಯಾಯಾಲಯ ಹತ್ತಿದ್ದರು. ಪ್ರಭುವಿನ ಭೋಜನಕ್ಕೆ ಸೇರಿದಾಗಲೂ ಕೆಲವರು ಹೊಟ್ಟೆತುಂಬ ಉಂಡು ಕುಡಿದರೆ, ಬಡವರು ಹಸಿದು ಕುಳಿತಿರುತ್ತಿದ್ದರು.

ಇವರು ವಿಶ್ವಾಸವಿಲ್ಲದವರಾಗಿರಲಿಲ್ಲ. ಅವರಲ್ಲಿ ಪ್ರವಾದನೆಯಿತ್ತು, ಜ್ಞಾನವಿತ್ತು, ಪವಿತ್ರಾತ್ಮರ ವರಗಳು ಧಾರಾಳವಾಗಿದ್ದವು. ಇಲ್ಲದೆ ಇದ್ದದ್ದು ಒಂದೇ. ಆ ಒಂದು ಇಲ್ಲದಿದ್ದರೆ ಉಳಿದ ಯಾವುದಕ್ಕೂ ಬೆಲೆಯಿಲ್ಲ ಎನ್ನುತ್ತಾರೆ ಪೌಲರು.

ಹದಿನೈದು ಕ್ರಿಯಾಪದಗಳು

ಆ ಅಧ್ಯಾಯದ 4ರಿಂದ 7ರವರೆಗಿನ ವಚನಗಳನ್ನು ಮೂಲ ಗ್ರೀಕ್ ಭಾಷೆಯಲ್ಲಿ ನೋಡಿದರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಪ್ರೀತಿಯನ್ನು ಕುರಿತು ಅಲ್ಲಿರುವುದು ಹದಿನೈದು ಕ್ರಿಯಾಪದಗಳು. ಪೌಲರು ಪ್ರೀತಿ ಹೇಗಿದೆ ಎಂದು ವರ್ಣಿಸುತ್ತಿಲ್ಲ; ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಹೇಳುತ್ತಾರೆ. ಪ್ರೀತಿ ಮನಸ್ಸಿಗೆ ಬಂದಾಗ ಬಂದು ಹೋಗುವ ಭಾವನೆಯಲ್ಲ, ಪ್ರತಿದಿನ ಮಾಡಬೇಕಾದ ಕೆಲಸ.

ಇವುಗಳಲ್ಲಿ ಒಂದು ಕ್ರಿಯಾಪದ ಲೆಕ್ಕಪತ್ರಕ್ಕೆ ಸಂಬಂಧಿಸಿದ್ದು. ವ್ಯಾಪಾರಿಯು ಬಾಕಿಯನ್ನು ಪುಸ್ತಕದಲ್ಲಿ ಬರೆದಿಡುವಂತೆ ಪ್ರೀತಿಯು ಕೇಡನ್ನು ಬರೆದಿಡುವುದಿಲ್ಲ ಎಂಬುದು ಅದರ ಭಾವ. ವ್ಯಾಪಾರದ ಊರಿನವರಿಗೆ ಇದು ಚೆನ್ನಾಗಿ ನಾಟಿರಬೇಕು. ನಮ್ಮ ಮನೆಗಳಲ್ಲಿಯೂ ಇಂಥ ಪುಸ್ತಕಗಳಿಲ್ಲವೇ? ಅತ್ತೆ ಹತ್ತು ವರ್ಷದ ಹಿಂದೆ ಆಡಿದ ಮಾತು, ಮಗಳ ಮದುವೆಗೆ ಬಾರದ ತಮ್ಮ, ಅಪ್ಪನ ಜಮೀನಿನಲ್ಲಿ ಅಣ್ಣ ಇಟ್ಟುಕೊಂಡ ಹೆಚ್ಚಿನ ಪಾಲು, ಎಲ್ಲವೂ ತಾರೀಖು ಸಮೇತ ನೆನಪಿನಲ್ಲಿದೆ. ಬಡ್ಡಿಯೂ ಬೆಳೆಯುತ್ತಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಲೆಕ್ಕವಿಡಬೇಡ ಎಂದರೆ ಅನ್ಯಾಯವನ್ನು ಮುಚ್ಚಿಡು ಎಂದಲ್ಲ. ಪ್ರೀತಿ ಅನ್ಯಾಯದಲ್ಲಿ ಸಂತೋಷಪಡದೆ ಸತ್ಯದಲ್ಲಿ ಸಂತೋಷಪಡುತ್ತದೆ ಎಂದು ಪೌಲರೇ ಮುಂದಿನ ವಚನದಲ್ಲಿ ಹೇಳುತ್ತಾರೆ. ಕುಡಿದು ಬಂದು ಹೊಡೆಯುವ ಗಂಡನನ್ನು ಸಹಿಸಿಕೊಂಡಿರು ಎಂದು ಒಬ್ಬ ತಾಯಿಗೆ ಈ ಅಧ್ಯಾಯ ತೋರಿಸಿ ಬುದ್ಧಿ ಹೇಳುವುದು ದೇವರ ವಾಕ್ಯಕ್ಕೆ ಮಾಡುವ ಅಪಚಾರ. ಆಕೆ ರಕ್ಷಣೆ ಕೇಳಬಹುದು, ಕೇಳಬೇಕು. ಕ್ಷಮೆಯು ಸೇಡನ್ನು ಬಿಡುತ್ತದೆ, ಸತ್ಯವನ್ನು ಬಿಡುವುದಿಲ್ಲ.

ಮೊದಲು ಪ್ರೀತಿಸಿದವರು ಯಾರು?

ಇಷ್ಟೆಲ್ಲ ನಮ್ಮಿಂದಾದೀತೇ ಎಂದು ನೀವು ಕೇಳಬಹುದು. ನಮ್ಮ ಶಕ್ತಿಯಿಂದಲೇ ಆಗುವುದಿಲ್ಲ. ಆದ್ದರಿಂದಲೇ ಸಂತ ಯೊವಾನ್ನರು ತಮ್ಮ ಮೊದಲನೆಯ ಪತ್ರದ 4ನೇ ಅಧ್ಯಾಯದಲ್ಲಿ ವಿಷಯವನ್ನು ದೇವರಿಂದ ಆರಂಭಿಸುತ್ತಾರೆ. ನಾವು ದೇವರನ್ನು ಪ್ರೀತಿಸಿದ್ದರಿಂದ ಅವರು ನಮ್ಮನ್ನು ಪ್ರೀತಿಸಿದರೆಂದಲ್ಲ. ಅವರೇ ಮೊದಲು ಪ್ರೀತಿಸಿ ತಮ್ಮ ಪುತ್ರನನ್ನು ಕಳುಹಿಸಿದರು. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತರು ನಮಗಾಗಿ ಪ್ರಾಣಕೊಟ್ಟರೆಂದು ಪೌಲರೂ ರೋಮಿನವರಿಗೆ ಬರೆಯುತ್ತಾರೆ. ನಮ್ಮ ಬಾಕಿ ತೀರಿದ ಮೇಲೆ ದೇವರು ಪ್ರೀತಿಸಲು ತೊಡಗಲಿಲ್ಲ. ಶಿಲುಬೆಯ ಮೇಲೆ ಆ ಪುಸ್ತಕವನ್ನೇ ಮುಚ್ಚಿದರು. ಹೀಗೆ ಬಿಡುಗಡೆ ಪಡೆದವನು ನೆರೆಯವನ ಬಾಕಿಯ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ತಿರುಗಬಹುದೇ? ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರನು ಎಂದು ಯೊವಾನ್ನರು ಖಂಡಿತವಾಗಿ ಹೇಳುತ್ತಾರೆ.

ಪೀಠದಿಂದ ಮನೆಗೆ

ಆದಿ ಕ್ರೈಸ್ತರು ಇದನ್ನು ಅರಿತಿದ್ದರು. ಕ್ರಿ.ಶ. 155ರ ಸುಮಾರಿಗೆ ರಕ್ತಸಾಕ್ಷಿ ಸಂತ ಜಸ್ಟಿನ್ ರೋಮಿನ ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲಿ ಭಾನುವಾರದ ಆರಾಧನೆಯನ್ನು ವಿವರಿಸಿದ್ದಾರೆ. ವಾಚನಗಳು, ಪ್ರಬೋಧನೆ, ಪ್ರಾರ್ಥನೆ, ಪರಮಪ್ರಸಾದ, ಎಲ್ಲವೂ ನಮಗೆ ಪರಿಚಿತವೇ. ಬರಲಾಗದವರಿಗೆ ಸೇವಾದರ್ಶಿಗಳು ಪರಮಪ್ರಸಾದವನ್ನು ಕೊಂಡೊಯ್ಯುತ್ತಿದ್ದರು. ಅನುಕೂಲವಿದ್ದವರು ಮನಃಪೂರ್ವಕ ಕೊಟ್ಟ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಪರಸ್ಥಳದಿಂದ ಬಂದವರಿಗೆ ಸಲ್ಲುತ್ತಿತ್ತು. ಅವರಿಗೆ ಬಲಿಪೂಜೆ ಬೇರೆ, ಬಡವರ ಸೇವೆ ಬೇರೆ ಆಗಿರಲಿಲ್ಲ.

ನಾವು ಭಾನುವಾರ ತಪ್ಪದೆ ಪೂಜೆಗೆ ಬರುತ್ತೇವೆ, ಜಪಸರ ಮಾಡುತ್ತೇವೆ, ಊರಹಬ್ಬಕ್ಕೆ ಕೈಬಿಚ್ಚಿ ವಂತಿಗೆ ಕೊಡುತ್ತೇವೆ. ಇವೆಲ್ಲ ಒಳ್ಳೆಯವೇ. ಆದರೆ ಒಂದೇ ಸಾಲಿನಲ್ಲಿ ನಿಂತು ಪರಮಪ್ರಸಾದ ಸ್ವೀಕರಿಸುವ ಅಣ್ಣತಮ್ಮಂದಿರು ದೇವಾಲಯದ ಬಾಗಿಲು ದಾಟಿದೊಡನೆ ಮುಖ ತಿರುಗಿಸಿಕೊಂಡು ಹೋದರೆ ನಾವೂ ಕೊರಿಂಥದವರೇ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಂದಿಗೆ ರಾಜಿಯಾಗು ಎಂದು ಪ್ರಭು ಯೇಸು ಹೇಳಿರುವುದು ಸಂತ ಮತ್ತಾಯರ ಶುಭಸಂದೇಶದ 5ನೇ ಅಧ್ಯಾಯದಲ್ಲಿದೆ. ಪರಮಪ್ರಸಾದಕ್ಕೆ ಮೊದಲು ಒಬ್ಬರಿಗೊಬ್ಬರು ಶಾಂತಿ ಕೋರುವುದೂ ಈ ಕಾರಣಕ್ಕೇ. ಪಕ್ಕದಲ್ಲಿರುವವರಿಗೆ ಕೈಮುಗಿಯುವುದು ಸುಲಭ. ದೂರ ಕುಳಿತಿರುವ ಆ ಒಬ್ಬರ ಕಡೆಗೆ ನಡೆಯುವುದೇ ನಿಜವಾದ ವಿಶ್ವಾಸ.

ಈ ವಾರ ಮನೆಯವರೆಲ್ಲರೂ ಸಂಜೆಯ ಪ್ರಾರ್ಥನೆಗೆ ಕೂತಾಗ 1 ಕೊರಿಂಥ 13ನ್ನು ಗಟ್ಟಿಯಾಗಿ ಓದಿರಿ. "ಪ್ರೀತಿ" ಎಂಬ ಪದವಿರುವಲ್ಲೆಲ್ಲ ಮನಸ್ಸಿನಲ್ಲೇ ನಿಮ್ಮ ಹೆಸರನ್ನು ಇಟ್ಟು ನೋಡಿರಿ. ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿಂದಲೇ ಪ್ರಭು ಕೆಲಸ ಆರಂಭಿಸಲಿ. ಆಮೇಲೆ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿರಿ:

1. ನಾನು ಯಾರ ತಪ್ಪಿನ ಲೆಕ್ಕವನ್ನು ಇನ್ನೂ ಇಟ್ಟುಕೊಂಡಿದ್ದೇನೆ?

2. ನಮ್ಮ ಧರ್ಮಕೇಂದ್ರದಲ್ಲಿ ಪೂಜೆಗೆ ಬರಲಾಗದ ರೋಗಿ ಅಥವಾ ವೃದ್ಧರ ಮನೆಗೆ ಹೋಗಿ ಎಷ್ಟು ದಿನವಾಯಿತು?

3. ಮುಂದಿನ ಭಾನುವಾರ ಶಾಂತಿ ಕೋರುವ ಮೊದಲು ನಾನು ಯಾರ ಮನೆಯ ಬಾಗಿಲು ತಟ್ಟಬೇಕು?