ಪೇಟೆಯ ದಾರಿ ಕೇಳಿದವರು

ಅರ್ಥಶಾಸ್ತ್ರ ತರಗತಿಯಲ್ಲಿ ನಾನು ಕಲಿಸುವ ಮೊದಲ ಪಾಠವೇ ಕೊರತೆಯದ್ದು. ಬಯಕೆಗಳು ಅಪರಿಮಿತ, ಸಂಪನ್ಮೂಲಗಳು ಮಿತ. ಒಂದು ಗದ್ದೆಯಲ್ಲಿ ಭತ್ತ ಹಾಕಿದರೆ ಅದೇ ಹಂಗಾಮಿನಲ್ಲಿ ಅಲ್ಲಿ ಕಬ್ಬು ಬೆಳೆಯಲಾಗದು. ಪಾಠ ಸರಿಯಾದದ್ದೇ. ಆದರೆ ಫಲಿತಾಂಶದ ದಿನಗಳಲ್ಲಿ ಇದನ್ನು ಸಲ್ಲದ ಕಡೆಗೂ ಅನ್ವಯಿಸುವುದನ್ನು ನೋಡುತ್ತೇನೆ. ಗೆಳತಿಗೆ 95 ಬಂದದ್ದರಿಂದಲೇ ತನ್ನ 82 ಸಣ್ಣದಾಯಿತು ಎಂಬಂತೆ ಕೆಲವರು ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ.

ಅವಳಿಗೆ ಕೊಟ್ಟ ಅಂಕವನ್ನು ನಿಮ್ಮ ಉತ್ತರ ಪತ್ರಿಕೆಯಿಂದ ಕಿತ್ತು ಕೊಟ್ಟದ್ದಲ್ಲ. ರ‍್ಯಾಂಕಿನ ಮಾತು ಬೇರೆ. ಸಿಇಟಿಯಲ್ಲಿ ಒಬ್ಬರು ಮುಂದೆ ಹೋದರೆ ಇನ್ನೊಬ್ಬರು ಹಿಂದೆ ಸರಿಯಲೇಬೇಕು, ಸೀಟುಗಳು ಎಣಿಕೆಯವು. ಅಲ್ಲಾಹನ ಭಂಡಾರ ದೊಡ್ಡದೆಂದು ಹೇಳಿ ಈ ಸತ್ಯವನ್ನು ಮರೆಮಾಚಲು ನನಗೆ ಇಷ್ಟವಿಲ್ಲ. ಆದರೆ ಕಲಿಕೆ ಎಣಿಕೆಯದ್ದಲ್ಲ. ಪಕ್ಕದವರಿಗೆ ಹೇಳಿಕೊಟ್ಟ ಲೆಕ್ಕ ನಿಮ್ಮ ತಲೆಯಿಂದ ಹೊರಟುಹೋಗುವುದಿಲ್ಲ. ಒಬ್ಬರು ಬಳಸಿದರೂ ಇನ್ನೊಬ್ಬರಿಗೆ ಕಡಿಮೆಯಾಗದ ಸರಕು ಎಂದು ಸಾರ್ವಜನಿಕ ಸರಕುಗಳ ಪಾಠದಲ್ಲಿ ಓದುತ್ತೀರಲ್ಲ, ಅಂಥದ್ದು.

ಹಂಚಿದರೆ ನಿಜಕ್ಕೂ ಕಡಿಮೆಯಾಗುವ ಹಣದ ವಿಷಯದಲ್ಲೂ ಈ ಭಯವಿಲ್ಲದವರು ಇದ್ದರು. 622ರ ಹಿಜ್ರಾದ ನಂತರ ಪ್ರವಾದಿ(ಸ)ರು ಮಕ್ಕಾದಿಂದ ಬಂದ ಮುಹಾಜಿರರನ್ನು ಮದೀನಾದ ಅನ್ಸಾರರೊಂದಿಗೆ ಸಹೋದರರಾಗಿ ಜೋಡಿಸಿದರು. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಸಹೋದರರಾಗಿ ಸಿಕ್ಕವರು ಸಅದ್ ಬಿನ್ ರಬೀಅ್(ರ). ಸಅದ್ ಶ್ರೀಮಂತರು, ಅಬ್ದುರ್ರಹ್ಮಾನ್ ಎಲ್ಲವನ್ನೂ ಮಕ್ಕಾದಲ್ಲಿ ಬಿಟ್ಟು ಬಂದವರು. ಸಅದ್ ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದರು. ಅಬ್ದುರ್ರಹ್ಮಾನ್ ಅವರಿಗೆ ಬರಕತ್‌ಗಾಗಿ ದುಆ ಮಾಡಿ, ಪೇಟೆ ಎಲ್ಲಿದೆ ಎಂದಷ್ಟೇ ಕೇಳಿದರು. ಖೈನುಖಾ ಪೇಟೆಗೆ ಹೋಗಿ ತುಪ್ಪ, ಮೊಸರನ್ನು ಒಣಗಿಸಿ ಮಾಡಿದ ಗಟ್ಟಿ ಇವುಗಳ ವ್ಯಾಪಾರ ಮಾಡಿ ಲಾಭ ತಂದರು. ಮುಂದೆ ಅತ್ಯಂತ ಸಿರಿವಂತ ಸಹಾಬಿಗಳಲ್ಲಿ ಒಬ್ಬರಾದರು.

ಈ ಘಟನೆಯನ್ನು ಸಾಮಾನ್ಯವಾಗಿ ಸಅದ್‌ರ ಔದಾರ್ಯಕ್ಕಾಗಿ ಹೇಳುತ್ತಾರೆ. ನನಗೆ ಅಬ್ದುರ್ರಹ್ಮಾನ್‌ರ ಪ್ರಶ್ನೆಯೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಇನ್ನೊಬ್ಬರ ತುಂಬಿದ ಮನೆಯ ಎದುರು ನಿಂತಾಗಲೂ ಅವರು ತಮ್ಮ ಬರಿಗೈಯನ್ನು ಅಳೆಯುತ್ತ ಕೂರಲಿಲ್ಲ. ಆ ಮನೆಯವರಿಂದಲೇ ದಾರಿ ಕೇಳಿಕೊಂಡರು.

ನಮ್ಮ ಉಲಮಾಗಳು ಹಸದ್ ಮತ್ತು ಗಿಬ್ತ ಎಂದು ಎರಡನ್ನು ಬೇರ್ಪಡಿಸಿದ್ದು ಇದಕ್ಕೇ. ಅವನಲ್ಲಿರುವುದು ಅವನಿಂದ ಹೋಗಲಿ ಎಂಬುದು ಹಸದ್. ಅವನಲ್ಲೂ ಇರಲಿ, ನನಗೂ ಸಿಗಲಿ ಎಂಬುದು ಗಿಬ್ತ. ಸಂಪತ್ತನ್ನು ಸತ್ಯದ ದಾರಿಯಲ್ಲಿ ಖರ್ಚು ಮಾಡುವವನನ್ನೂ ಜ್ಞಾನ ಪಡೆದು ಕಲಿಸುವವನನ್ನೂ ಕಂಡು ಹಾಗೆ ಆಸೆಪಡಬಹುದೆಂದು ಹದೀಸ್ ಇದೆ. ಅನ್ನಿಸಾ ಅಧ್ಯಾಯದ 32ನೇ ಸೂಕ್ತವಂತೂ ಬೇರೆಯವರಿಗೆ ಹೆಚ್ಚಾಗಿ ಸಿಕ್ಕಿದ್ದಕ್ಕೆ ಆಸೆಪಡಬೇಡಿ ಎಂದು ಅಲ್ಲಿಗೇ ನಿಲ್ಲಿಸುವುದಿಲ್ಲ, ಅಲ್ಲಾಹನ ಅನುಗ್ರಹವನ್ನು ಅವನಲ್ಲೇ ಕೇಳಿ ಎಂದೂ ಹೇಳುತ್ತದೆ. ಕೇಳುವುದು ಬರೀ ಬಾಯಿಮಾತಲ್ಲ ಎಂಬುದಕ್ಕೆ ಆ ತುಪ್ಪದ ವ್ಯಾಪಾರವೇ ಸಾಕ್ಷಿ.

ಪಿಯು ಪರೀಕ್ಷೆ-2ಕ್ಕೆ ಕೂರುವವರು ಈ ವಾರ ಝುಹರ್ ನಂತರ ಸ್ಟಾಫ್ ರೂಮಿಗೆ ಬನ್ನಿ. ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಂಡಿದ್ದರೆ ಅದನ್ನೂ ತನ್ನಿ. ಬರುವಾಗ 95 ತೆಗೆದ ಆ ಗೆಳತಿಯನ್ನೂ ಕರೆತನ್ನಿ, ರೇಖಾಚಿತ್ರಗಳನ್ನು ನನಗಿಂತ ಅವಳೇ ಚೆನ್ನಾಗಿ ಬಿಡಿಸುತ್ತಾಳೆ.