ಮಗ್ಗ ಅಡವಿಡುವ ಮುನ್ನ

ಮಗನನ್ನು ಪೊಲೀಸರು ಕರೆದೊಯ್ದರೆ ಇಳಕಲ್ಲಿನ ನೇಕಾರ ತಾಯಿಯನ್ನು ಮೊದಲು ಕಾಡುವುದು ವಕೀಲರ ಫೀಸಿನ ಚಿಂತೆ. ಮಗ್ಗ ಅಡವಿಡುವ ಮುನ್ನ ಒಂದು ಮಾತು ಕೇಳವ್ವಾ. ಬಂಧನದಲ್ಲಿರುವವರು, ಮಹಿಳೆಯರು, ಮಕ್ಕಳು, ಪರಿಶಿಷ್ಟರು ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯಬಹುದು. 1987ರ ಕಾನೂನು ಸೇವಾ ಕಾಯ್ದೆ ಕೊಟ್ಟ ಹಕ್ಕಿದು, ಯಾರ ದಯೆಯೂ ಅಲ್ಲ. ಬಾಗಲಕೋಟೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಬಾದಾಮಿ, ಹುನಗುಂದದವರು ತಮ್ಮೂರಿನ ಕೋರ್ಟಿನಲ್ಲೇ ತಾಲ್ಲೂಕು ಸಮಿತಿಯನ್ನು ವಿಚಾರಿಸಿ. ಬರೆಯಲು ಬಾರದಿದ್ದರೆ ಬಾಯಿಂದ ಹೇಳಿದರೂ ಅರ್ಜಿ ಬರೆದುಕೊಳ್ಳುತ್ತಾರೆ.

ಪುಕ್ಕಟೆ ವಕೀಲರು ಮನಸ್ಸಿಟ್ಟು ವಾದಿಸುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕ್ರಿಮಿನಲ್ ಪ್ರಕರಣಗಳಿಗೆಂದೇ ಈಗ ಕಾನೂನು ನೆರವು ಅಭಿರಕ್ಷಕರಿದ್ದಾರೆ. ಅವರು ಖಾಸಗಿ ಪ್ರಕರಣ ಹಿಡಿಯುವಂತಿಲ್ಲ, ದಿನವಿಡೀ ಇದೇ ಕೆಲಸ. ಬಂಧಿತರನ್ನು 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು, ಆದ್ದರಿಂದ ತಡಮಾಡಬೇಡಿ. ಸಹಾಯವಾಣಿ 15100ಕ್ಕೆ ಕರೆ ಮಾಡಿ.