ತನುಮನಗಳ ಸಂಬಂಧವೂ ಗೃಹಸ್ಥನ ಯೋಗವೂ

ವ್ಯಾಪಾರದಲ್ಲಿ ನಷ್ಟವನ್ನು ಕಂಡ ಗೃಹಸ್ಥನಿಗೆ ರಾತ್ರಿ ನಿದ್ರೆ ಬಾರದು. ಎಡೆಯಲ್ಲಿ ಬಡಿಸಿದ ಅನ್ನವು ರುಚಿಸದು. ಹಲವು ದಿನಗಳಿಂದ ಹೊಟ್ಟೆನೋವಿನಿಂದ ಬಳಲುತ್ತಿರುವ ಗೃಹಿಣಿಗೆ ಮಕ್ಕಳ ಸಣ್ಣ ತಪ್ಪೂ ದೊಡ್ಡದಾಗಿ ತೋರುವುದು. ಮೊದಲನೆಯವನಲ್ಲಿ ಮನದ ಬೇಗೆಯು ತನುವಿಗೆ ಇಳಿದಿದೆ. ಎರಡನೆಯವಳಲ್ಲಿ ತನುವಿನ ಬೇನೆಯು ಮನಕ್ಕೆ ಏರಿದೆ. ಅಡುಗೆಮನೆಯಲ್ಲಿ ಎದ್ದ ಹೊಗೆಯು ಪಡಸಾಲೆಗೂ ಬರುವಂತೆ, ತನುಮನಗಳಲ್ಲಿ ಒಂದರ ತಾಪವು ಮತ್ತೊಂದಕ್ಕೆ ತಟ್ಟದೆ ಇರದು. ಈ ಸಂಬಂಧವನ್ನು ಅರಿತು ನಡೆಯುವುದೇ ಗೃಹಸ್ಥನಿಗೆ ಯೋಗದ ಮೊದಲ ಪಾಠ.

ಪತಂಜಲಿ ಮಹರ್ಷಿಗಳು ಯೋಗಸೂತ್ರದ ಪ್ರಥಮ ಪಾದದಲ್ಲಿ ಚಿತ್ತವನ್ನು ಚದುರಿಸುವ ೯ ಅಂತರಾಯಗಳನ್ನು ಎಣಿಸಿದ್ದಾರೆ. ವ್ಯಾಧಿ, ಮನದ ಜಡತೆ, ಸಂಶಯ, ಪ್ರಮಾದ, ಆಲಸ್ಯ, ವಿಷಯಗಳ ಹಂಬಲ, ಭ್ರಾಂತಿ, ಸಾಧನೆಯ ನೆಲೆ ದೊರೆಯದಿರುವುದು, ದೊರೆತರೂ ಅಲ್ಲಿ ನಿಲ್ಲಲಾರದಿರುವುದು ಎಂಬಿವೇ ಆ ಒಂಬತ್ತು. ಇವುಗಳೊಡನೆ ದುಃಖ, ಮನಸ್ಸಿನ ಕುಗ್ಗು, ಅಂಗಗಳ ನಡುಕ, ಶ್ವಾಸಪ್ರಶ್ವಾಸಗಳ ಏರುಪೇರು ಎಂಬ ೪ ಸಂಗಾತಿಗಳೂ ಬರುತ್ತವೆಂದು ಅವರು ಹೇಳುತ್ತಾರೆ. ಚಿತ್ತ ಚದುರಿದರೆ ಅದು ಮೈಯಲ್ಲಿಯೂ ಉಸಿರಿನಲ್ಲಿಯೂ ಕಾಣುವುದೆಂಬುದನ್ನು ಪ್ರಾಚೀನರು ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದರೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇಲ್ಲಿ ಭಕ್ತರು ವಿಶೇಷವಾಗಿ ವಿಚಾರಿಸತಕ್ಕ ಒಂದಂಶವುಂಟು. ಮನೆಯಲ್ಲಿ ಒಬ್ಬರು ಬಹುಕಾಲ ಕಾಯಿಲೆ ಬಿದ್ದರೆ, ಇಲ್ಲವೆ ಮನಸ್ಸು ಕುಗ್ಗಿ ಮೂಲೆ ಹಿಡಿದರೆ, “ಪೂಜೆಯಲ್ಲಿ ನಿಷ್ಠೆ ಸಾಲದು, ಅದಕ್ಕೇ ಹೀಗಾಯಿತು” ಎನ್ನುವವರು ಇರುತ್ತಾರೆ. ಇದು ನೊಂದವರನ್ನು ಮತ್ತೆ ನೋಯಿಸುವ ಮಾತು. ಯೋಗಶಾಸ್ತ್ರವು ವ್ಯಾಧಿಯನ್ನು ಮೊದಲನೆಯ ಅಂತರಾಯವೆಂದಿತೇ ಹೊರತು ಅಪರಾಧವೆನ್ನಲಿಲ್ಲ. ದಾರಿಗೆ ಮರ ಬಿದ್ದರೆ ಪ್ರಯಾಣಿಕನನ್ನು ನಿಂದಿಸುವುದುಂಟೆ? ಎಲ್ಲರೂ ಕೈಗೂಡಿಸಿ ಮರವನ್ನು ಸರಿಸಬೇಕಷ್ಟೆ. ದಯೆಯೇ ಧರ್ಮದ ಬೇರೆಂದು ಬಸವಾದಿ ಶರಣರಿಂದ ಕಲಿತ ಸಮಾಜದಲ್ಲಿ ರೋಗಿಗೆ ಮೊದಲು ಸಲ್ಲಬೇಕಾದುದು ದಯೆ, ಉಪದೇಶವಲ್ಲ.

ತನುಮನಗಳೆರಡೂ ಸಂಧಿಸುವ ಬಾಗಿಲು ಯಾವುದು? ಅದು ಉಸಿರು. ಹೃದಯದ ಬಡಿತವನ್ನಾಗಲಿ ಅನ್ನದ ಜೀರ್ಣವನ್ನಾಗಲಿ ಮನುಷ್ಯನು ನೇರವಾಗಿ ಆಳಲಾರನು. ಉಸಿರಾದರೋ ತಾನಾಗಿಯೂ ನಡೆಯುವುದು, ನಡೆಸಿದಂತೆಯೂ ನಡೆಯುವುದು. ವಯಸ್ಕನು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಸುಮಾರು ೧೨ರಿಂದ ೨೦ ಸಲ ಉಸಿರಾಡುತ್ತಾನೆ. ಭಯ ಕೋಪಗಳಲ್ಲಿ ಅದು ತೀವ್ರವಾಗಿ, ಎದೆ ಬಡಿದುಕೊಂಡು, ಸ್ನಾಯುಗಳು ಬಿಗಿಯುತ್ತವೆ. ನಿಧಾನವಾಗಿ ಉಸಿರು ಬಿಡುವಾಗ ಮಿದುಳಿನಿಂದ ಹೃದಯ ಜಠರಗಳವರೆಗೆ ಹರಿದಿರುವ ವೇಗಸ್ ನರದ ಪ್ರಭಾವದಿಂದ ಹೃದಯದ ಗತಿಯು ತಗ್ಗುತ್ತದೆಂದು ಶರೀರಶಾಸ್ತ್ರವು ತಿಳಿಸುತ್ತದೆ. ಉಸಿರನ್ನು ಹೊರಬಿಡುವುದೂ ಚಿತ್ತಪ್ರಸಾದಕ್ಕೆ ಒಂದು ಉಪಾಯವೆಂದು ಯೋಗಸೂತ್ರವು ಹೇಳಿದುದಕ್ಕೆ ಇದು ಹೊಂದಿಕೆಯಾಗಿದೆ.

ಯೋಗವೆಂದೊಡನೆ ಇಂದು ಹೆಚ್ಚಿನವರ ನೆನಪಿಗೆ ಬರುವುದು ಆಸನಗಳು. ಮೈಸೂರಿನಲ್ಲಿ ಯೋಗಶಾಲೆಯನ್ನು ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು ೧೯೩೪ರಲ್ಲಿ ‘ಯೋಗಮಕರಂದ’ವನ್ನು ಕನ್ನಡದಲ್ಲಿಯೇ ಬರೆದು ಹೊರತಂದರು, ೨೦೧೫ರಿಂದ ಜೂನ್ ೨೧ನ್ನು ಅಂತರರಾಷ್ಟ್ರೀಯ ಯೋಗದಿನವಾಗಿ ಆಚರಿಸಲಾಗುತ್ತಿದೆ. ಆಸನಗಳಿಂದ ಮೈ ಹಗುರವಾಗುವುದು ನಿಜ. ಆದರೆ ಪತಂಜಲಿಗಳು ಆಸನಕ್ಕೆ ಮೀಸಲಿಟ್ಟುದು ೩ ಸೂತ್ರಗಳನ್ನು ಮಾತ್ರ; ಅದು ಸ್ಥಿರವೂ ಸುಖಕರವೂ ಆಗಿರಬೇಕೆಂಬುದೇ ಅವರ ಅಪೇಕ್ಷೆ. ಕಾಯದ ಸಾಧನೆಯೇ ಕೊನೆಯೆಂದು ಭ್ರಮಿಸಿದರೆ ಯೋಗವು ಅಹಂಕಾರಕ್ಕೆ ಆಹಾರವಾಗುತ್ತದೆ.

ಅಲ್ಲಮಪ್ರಭು ಗೋರಕ್ಷರ ಪ್ರಸಂಗವು ಈ ತತ್ತ್ವವನ್ನೇ ಬೋಧಿಸುತ್ತದೆ. ಗೋರಕ್ಷನು ಸಾಧನೆಯಿಂದ ವಜ್ರಕಾಯವನ್ನು ಪಡೆದಿದ್ದನು. ಖಡ್ಗದಿಂದ ಹೊಡೆದಾಗ ಅವನ ಮೈಗೆ ಗಾಯವಾಗಲಿಲ್ಲ, ಆದರೆ ಶಬ್ದವೆದ್ದಿತು. ಅದೇ ಖಡ್ಗವನ್ನು ಪ್ರಭುವಿನ ಮೇಲೆ ಬೀಸಿದಾಗ ಅದು ಬಯಲಿನಲ್ಲಿ ಆಡಿದಂತೆ ಆಡಿತು. ಗೋರಕ್ಷನಲ್ಲಿ ಕಾಯವು ಗಟ್ಟಿಯಾಗಿತ್ತು, ಅದರೊಡನೆ ‘ನಾನು’ ಎಂಬುದೂ ಗಟ್ಟಿಯಾಗಿತ್ತು. ಪ್ರಭುವಿನಲ್ಲಿ ತಾಗಿ ಸದ್ದು ಮಾಡುವ ‘ನಾನು’ ಇರಲಿಲ್ಲ. ಹಾಗೆಂದು ಶರಣರು ಕಾಯವನ್ನು ಹಳಿದು ದಂಡಿಸಿದವರಲ್ಲ. ಅವರು ಅದನ್ನು ದೇಗುಲವಾಗಿ, ಪ್ರಸಾದಕಾಯವಾಗಿ ಕಂಡರು. ದೇಗುಲವನ್ನು ಗುಡಿಸಿ ಸಾರಿಸಿ ಶುಚಿಯಾಗಿಡುವುದು ಭಕ್ತನ ಕರ್ತವ್ಯ. ಗೋಡೆಗಳನ್ನೇ ಪೂಜಿಸುವುದು ಅವಿವೇಕ.

ಇಷ್ಟಲಿಂಗಾನುಸಂಧಾನದಲ್ಲಿ ಈ ಮೂರೂ ಒಂದಾಗಿ ಕೂಡುತ್ತವೆ. ಬೆನ್ನು ನೇರವಾಗಿ, ಮೈ ಸಡಿಲವಾಗಿ ಕುಳಿತಾಗ ತನು ನೆಲೆಗೊಳ್ಳುವುದು; ಕರಸ್ಥಲದ ಲಿಂಗದಲ್ಲಿ ದೃಷ್ಟಿ ನಟ್ಟಾಗ ಅಲೆಯುವ ಮನಕ್ಕೆ ಆಸರೆ ದೊರೆಯುವುದು; ಮನ ನಿಂತಂತೆ ಉಸಿರು ತಾನೇ ಮೆಲ್ಲಗಾಗುವುದು. ಆದರೆ ಅವಸರದಲ್ಲಿ, ಅಂಗಡಿಯ ಲೆಕ್ಕವನ್ನು ನೆನೆಯುತ್ತ ಮುಗಿಸಿದ ಪೂಜೆಯಲ್ಲಿ ಕೈ ಮಾತ್ರ ಲಿಂಗವನ್ನು ಹಿಡಿದಿರುತ್ತದೆ.

ಪೂಜೆಯ ಶಾಂತಿಯು ದಿನದ ಬಾಳಿಗೆ ಇಳಿಯಬೇಕಾದರೆ ಕಾಯಕದಲ್ಲಿ ಮಿತಿ ಬೇಕು. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ತಿಳಿಹೇಳಿದಳು. ಬೇಕಾದಷ್ಟಕ್ಕೆ ನಿಲ್ಲಲು ಬಲ್ಲ ಮನೆಯಲ್ಲಿ ನಾಳಿನ ಚಿಂತೆಯು ಇಂದಿನ ನಿದ್ರೆಯನ್ನು ಕದಿಯದು. ಉಣ್ಣುವುದನ್ನು ಪ್ರಸಾದವೆಂದು ಸ್ವೀಕರಿಸುವವನು ಕೋಪದಲ್ಲಿ ಉಣ್ಣನು, ಮಿತಿಮೀರಿ ಉಣ್ಣನು, ಕೆಡಿಸಿ ಚೆಲ್ಲನು. ಇನ್ನು ನೆರೆಹೊರೆಯವರೊಡನೆ ಬಾಳುವಾಗ ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಹರ್ಷ, ತಪ್ಪಿ ನಡೆಯುವವರಲ್ಲಿ ಉಪೇಕ್ಷೆ ಎಂದು ಯೋಗಸೂತ್ರವು ಹೇಳಿದ ನಾಲ್ಕು ಭಾವನೆಗಳು ಗೃಹಸ್ಥನಿಗೆ ನಿತ್ಯವೂ ಬೇಕಾದ ಪಥ್ಯವಾಗಿವೆ.

ಯೋಗವು ವೈದ್ಯನ ಸ್ಥಾನವನ್ನು ಹಿಡಿಯತಕ್ಕದ್ದಲ್ಲ. ಎದೆನೋವು, ಬಿಡದ ಜ್ವರ, ನಿದ್ರಾನಾಶ, ಬಹುದಿನದ ಮನೋವ್ಯಥೆ ಇವುಗಳಿಗೆ ವೈದ್ಯರಲ್ಲಿಗೆ ಹೋಗುವುದು ನಂಬಿಕೆಯ ಕೊರತೆಯಲ್ಲ. ದೇಗುಲದ ಜೀರ್ಣೋದ್ಧಾರಕ್ಕೆ ಬಲ್ಲವರನ್ನು ಕರೆಸಿದಂತೆಯೇ ಸರಿ. ಔಷಧವನ್ನು ಸೇವಿಸುತ್ತಲೇ ಪೂಜೆಯನ್ನೂ ನಡೆಸಬಹುದು.

ಸಿಟ್ಟು ಬಂದಾಗ ಮಾತಿಗೆ ಮೊದಲು ಒಂದು ದೀರ್ಘವಾದ ಉಸಿರನ್ನು ಬಿಡುವುದು, ಉಣ್ಣುವ ಮುನ್ನ ಒಂದು ಕ್ಷಣ ಶಿವನನ್ನು ನೆನೆಯುವುದು, ಮನೆಯಲ್ಲಿ ಬಳಲಿದವರ ಬಳಿ ಸ್ವಲ್ಪ ಹೊತ್ತು ಕುಳಿತು ಅವರ ಮಾತನ್ನು ಕೇಳುವುದು - ಇವು ಕಾಡಿಗೆ ಹೋಗದೆ, ಕಾಸು ಖರ್ಚಿಲ್ಲದೆ ಆಗುವ ಸಾಧನೆಗಳು. ಇಂತಹ ಮನೆಯಲ್ಲಿ ರೋಗವು ಬಂದರೂ ರೋಗಿಯು ಒಂಟಿಯಾಗನು.